ಮೊದಲ ಸಲ ವಿಯೆನ್ನಾಕ್ಕೆ: ದಿನಕ್ಕೊಂದೇ ಅರಮನೆ

ಮೊದಲ ಸಲ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಹೋದಾಗ ನಾನು ಎರಡೇ ದಿನದಲ್ಲಿ ನಾಲ್ಕು ಅರಮನೆ ನೋಡಿ ಮುಗಿಸಿದೆ. ಈಗ ಕೇಳಿದರೆ ಯಾವ ಕೋಣೆ ಯಾವ ಅರಮನೆಯದ್ದು ಅಂತ ಹೇಳಲಾರೆ. ಬಂಗಾರದ ಲೇಪ, ಕನ್ನಡಿ, ತೂಗುದೀಪ, ರೇಷ್ಮೆ ಹೊದಿಸಿದ ಗೋಡೆ, ಮತ್ತೆ ಬಂಗಾರದ ಲೇಪ. ಮೂರನೇ ಅರಮನೆಯ ಹೊತ್ತಿಗೆ ನನ್ನ ಕಣ್ಣು ಹುಡುಕುತ್ತಿದ್ದದ್ದು ಕೂರೋದಕ್ಕೆ ಒಂದು ಬೆಂಚು, ಅಷ್ಟೇ. ಹೊಟ್ಟೆ ಬಿರಿಯ ಉಂಡವನ ಎಲೆಗೆ ಮತ್ತೆ ಮತ್ತೆ ಹೋಳಿಗೆ ಬಡಿಸಿದ ಹಾಗಾಗಿತ್ತು.

ಎರಡನೇ ಸಲ ಹೋದಾಗ ಒಂದು ನಿಯಮ ಮಾಡಿಕೊಂಡೆ. ದಿನಕ್ಕೊಂದೇ ಅರಮನೆ. ಉಳಿದ ಹೊತ್ತು ಬೀದಿಗೆ, ಟ್ರ್ಯಾಮಿಗೆ, ಕಾಫಿಗೆ. ಆಗ ಊರು ತಾನಾಗೇ ತೆರೆದುಕೊಂಡಿತು. ಹ್ಯಾಬ್ಸ್‌ಬರ್ಗ್ ಮನೆತನ ಇಲ್ಲಿಂದ ಆರು ಶತಮಾನಕ್ಕೂ ಹೆಚ್ಚು ಕಾಲ ಆಳಿತು. 1918ರಲ್ಲಿ ಸಾಮ್ರಾಜ್ಯ ಹೋಯಿತು, ವೈಭವ ಮಾತ್ರ ಊರಿನವರ ಪಾಲಿಗೆ ಉಳಿಯಿತು. ಚಕ್ರವರ್ತಿಯ ತೋಟದಲ್ಲಿ ಈಗ ಜನ ಬೆಳಗಿನ ಓಟ ಓಡುತ್ತಾರೆ. ಈ ಊರಿನಲ್ಲಿ ಐಷಾರಾಮದ ಬಹುಪಾಲು ಬಿಟ್ಟಿ, ಇಲ್ಲವೇ ಅಗ್ಗ. ಅದು ಎಲ್ಲಿದೆ ಅಂತ ಗೊತ್ತಿರಬೇಕು. ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳಿ.

ಹೊರಡುವ ಮುಂಚೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. 15 ದಿನಕ್ಕಿಂತ ಕಡಿಮೆ ಇದ್ದರೆ ಆಗುವುದಿಲ್ಲ. ದೊಡ್ಡವರಿಗೆ ಶುಲ್ಕ 90 ಯೂರೋ. 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಎರಡು ಮೂರು ತಿಂಗಳು ಮುಂಚೆಯೇ ಶುರು ಮಾಡಿ. ಇನ್ನೊಂದು ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಎರಡು ಮೂರು ದೇಶ ಸುತ್ತುವುದಾದರೆ ಜಾಸ್ತಿ ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ಎಲ್ಲ ಕಡೆ ಸಮ ದಿನ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ.

ಯಾವಾಗ ಹೋಗೋದು? ಏಪ್ರಿಲ್ ಕೊನೆಯಿಂದ ಜೂನ್ ಮೊದಲ ಭಾಗ, ಇಲ್ಲವೇ ಸೆಪ್ಟೆಂಬರ್. ಜುಲೈ ಆಗಸ್ಟ್‌ನಲ್ಲಿ ಸೆಕೆ 30 ಡಿಗ್ರಿ ದಾಟುತ್ತದೆ, ಹಳೆಯ ಕಟ್ಟಡಗಳಲ್ಲಿ ಎಸಿ ಇರುವುದು ಕಡಿಮೆ. ಅದಕ್ಕಿಂತ ದೊಡ್ಡ ನಷ್ಟ ಅಂದರೆ ಆ ಎರಡು ತಿಂಗಳು ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಮಂದಿರಕ್ಕೆ ರಜೆ. ಡಿಸೆಂಬರಿನ ಕ್ರಿಸ್‌ಮಸ್ ಸಂತೆಗಳು ಚಂದ, ಆದರೆ ಚಳಿಯೂ ಜೋರು, ಜನವೂ ಜೋರು.

ಹೋಟೆಲ್ ಹುಡುಕುವಾಗ ಪಿನ್‌ಕೋಡ್ ನೋಡಿ. ಊರಿನಲ್ಲಿ 23 ಜಿಲ್ಲೆಗಳಿವೆ, ಪಿನ್‌ಕೋಡಿನ ನಡುವಿನ ಎರಡು ಅಂಕಿಯೇ ಜಿಲ್ಲೆಯ ಸಂಖ್ಯೆ. 1010 ಅಂದರೆ ಒಂದನೇ ಜಿಲ್ಲೆ, ಹಳೆಯ ಊರಿನ ಗರ್ಭ. 1070 ಅಂದರೆ ಏಳನೆಯದು. ಒಂದನೆಯದರಲ್ಲಿ ಕೋಣೆ ದುಬಾರಿ. ನನ್ನ ಮಟ್ಟಿಗೆ 4, 6, 7ನೇ ಜಿಲ್ಲೆಗಳೇ ಸರಿ. ಅಲ್ಲಿಂದ ನಡೆದೇ ಹಳೆಯ ಊರಿಗೆ ಹೋಗಬಹುದು, ಸುತ್ತ ಊರಿನವರು ಬದುಕುವ ಬೀದಿಗಳಿವೆ. "ಕೇಂದ್ರದಿಂದ ಹದಿನೈದೇ ನಿಮಿಷ" ಅಂತ ಬರೆದುಕೊಂಡ ಹೋಟೆಲಿನ ಪಿನ್‌ಕೋಡ್ 1210 ಇದ್ದರೆ ಅದು ಡ್ಯಾನ್ಯೂಬ್ ನದಿಯ ಆಚೆ ದಡ. ಹಳೆಯ ಮನೆಗಳಲ್ಲಿ ಉಳಿಯುವುದಾದರೆ ಇದೂ ಗೊತ್ತಿರಲಿ. ಅಲ್ಲಿ ನೆಲಮಹಡಿಗೂ ಒಂದನೇ ಮಹಡಿಗೂ ನಡುವೆ "ಮೆಜನಿನ್" ಅನ್ನೋ ಇನ್ನೊಂದು ಮಹಡಿ ಇರಬಹುದು. ಎರಡನೇ ಮಹಡಿ ಅಂದವರು ಮೂರು ಹತ್ತಿಸುತ್ತಾರೆ. ಲಿಫ್ಟ್ ಇದೆಯಾ ಅಂತ ಮೊದಲೇ ಕೇಳಿ.

ಇಳಿದ ಮೇಲೆ

ವಿಮಾನ ನಿಲ್ದಾಣ ಷ್ವೆಖಾಟ್ ಎಂಬಲ್ಲಿದೆ, ಊರಿನಿಂದ ಸುಮಾರು 18 ಕಿಲೋಮೀಟರ್. ಹೊರಗೆ ಬಂದ ತಕ್ಷಣ ಹಸಿರು ಬಣ್ಣದ ಬೋರ್ಡುಗಳು "ಸಿಟಿ ಏರ್‌ಪೋರ್ಟ್ ಟ್ರೇನ್" ಕಡೆಗೆ ಕರೆಯುತ್ತವೆ. ಅದು ವೀನ್ ಮಿಟ್ಟೆ ನಿಲ್ದಾಣಕ್ಕೆ 16 ನಿಮಿಷದಲ್ಲಿ ಹೋಗುತ್ತದೆ. ಅದೇ ನಿಲ್ದಾಣಕ್ಕೆ ಎಸ್7 ಅನ್ನೋ ಮಾಮೂಲಿ ರೈಲು ಸುಮಾರು 25 ನಿಮಿಷ ತೆಗೆದುಕೊಳ್ಳುತ್ತದೆ. ದರ ಅದರ ಅರ್ಧವೂ ಇಲ್ಲ. ಹತ್ತು ನಿಮಿಷ ಉಳಿಸೋದಕ್ಕೆ ಅಷ್ಟು ದುಡ್ಡು ಯಾಕೆ, ಅಲ್ವಾ? ಹೋಟೆಲ್ ಮುಖ್ಯ ನಿಲ್ದಾಣದ ಕಡೆ ಇದ್ದರೆ ರೈಲ್‌ಜೆಟ್ ಅನ್ನೋ ವೇಗದ ರೈಲು ಹತ್ತಿ, ಕಾಲು ಗಂಟೆಯಲ್ಲಿ ಹಾಪ್ಟ್‌ಬಾನ್‌ಹೋಫ್ ಬರುತ್ತದೆ.

ಟಿಕೆಟ್ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಮೆಟ್ರೋಗೆ ಇಲ್ಲಿ ಯು-ಬಾನ್ ಅನ್ನುತ್ತಾರೆ. ನಿಲ್ದಾಣಗಳಲ್ಲಿ ತಡೆಗೇಟುಗಳಿಲ್ಲ. ಯಾರೂ ಕೇಳುವುದಿಲ್ಲ, ಸುಮ್ನೆ ನಡೆದುಕೊಂಡು ಹೋಗಿ ಹತ್ತಬಹುದು. ಮೋಸ ಹೋಗೋದು ಇಲ್ಲೇ. ಯಂತ್ರದಿಂದ ಬಂದ ಕಾಗದದ ಟಿಕೆಟ್ಟಿನಲ್ಲಿ ಸಮಯದ ಮುದ್ರೆ ಇಲ್ಲದಿದ್ದರೆ ಒಳಗೆ ಹೋಗುವ ದಾರಿಯಲ್ಲಿ ಇರುವ ನೀಲಿ ಪೆಟ್ಟಿಗೆಗೆ ತುರುಕಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಇದ್ದರೂ ಇಲ್ಲದ ಲೆಕ್ಕ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಬರುತ್ತಾರೆ, ದಂಡ ನೂರು ಯೂರೋ ದಾಟುತ್ತದೆ, "ನಾನು ಪ್ರವಾಸಿ, ಗೊತ್ತಿರಲಿಲ್ಲ" ಅನ್ನೋ ಮಾತು ನಡೆಯುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಕೊಂಡರೆ ಈ ತಲೆನೋವಿಲ್ಲ. 24 ಗಂಟೆಯ ಟಿಕೆಟ್ ಇದೆ, ಅದಕ್ಕಿಂತ ಜಾಸ್ತಿ ದಿನದ್ದೂ ಇದೆ. ಮೆಟ್ರೋ, ಟ್ರ್ಯಾಮ್, ಬಸ್ ಎಲ್ಲಕ್ಕೂ ಒಂದೇ ಟಿಕೆಟ್ ಸಾಕು. ಆದರೆ ವಿಮಾನ ನಿಲ್ದಾಣ ಊರಿನ ವಲಯದ ಹೊರಗಿದೆ, ಅಲ್ಲಿಗೆ ಹೋಗಿ ಬರುವಾಗ ಮಾತ್ರ ಹೆಚ್ಚುವರಿ ಟಿಕೆಟ್ ಬೇಕು.

ಮೊದಲ ದಿನ: ಒಳಗೆ ಹೋಗಬೇಡಿ

ಮೊದಲ ದಿನ ಯಾವ ಕಟ್ಟಡದ ಒಳಗೂ ಹೋಗಬೇಡಿ ಅನ್ನುವುದು ನನ್ನ ಸಲಹೆ. ರಿಂಗ್‌ಸ್ಟ್ರಾಸೆಯಲ್ಲಿ ನಡೆಯಿರಿ, ಸಾಕು.

ಹಳೆಯ ಊರಿನ ಸುತ್ತ ಮೊದಲು ಕೋಟೆಗೋಡೆ ಇತ್ತು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಅದನ್ನು ಕೆಡವಲು ಆಜ್ಞೆ ಕೊಟ್ಟ. ಆ ಜಾಗದಲ್ಲಿ ಐದು ಕಿಲೋಮೀಟರಿಗೂ ಉದ್ದದ ಅಗಲವಾದ ರಸ್ತೆ ಬಂತು, 1865ರಲ್ಲಿ ಅದರ ಉದ್ಘಾಟನೆಯಾಯಿತು. ಇಕ್ಕೆಲದಲ್ಲಿ ಪೈಪೋಟಿಗೆ ಬಿದ್ದವರ ಹಾಗೆ ಕಟ್ಟಡಗಳು ಎದ್ದವು. ಒಪೆರಾ ಮಂದಿರದಿಂದ ಶುರು ಮಾಡಿ ಹಾಫ್‌ಬುರ್ಗ್ ಅರಮನೆಯ ಮೈದಾನ, ಎದುರುಬದುರು ನಿಂತ ಎರಡು ಮ್ಯೂಸಿಯಂ, ಸಂಸತ್ತು, ನಗರಸಭೆ, ವಿಶ್ವವಿದ್ಯಾಲಯ ದಾಟಿ ಹೋಗಿ. ಎರಡು ಕಿಲೋಮೀಟರ್ ಆಸುಪಾಸು ಅಷ್ಟೇ. ಒಂದೊಂದು ಕಟ್ಟಡದ್ದು ಒಂದೊಂದು ಶೈಲಿ ಯಾಕೆ ಅಂತ ಗೊತ್ತಾದರೆ ನಡಿಗೆಗೆ ಅರ್ಥ ಬರುತ್ತದೆ. ಪ್ರಜಾಪ್ರಭುತ್ವ ಹುಟ್ಟಿದ್ದು ಗ್ರೀಸಿನಲ್ಲಿ, ಹಾಗಾಗಿ ಸಂಸತ್ತಿಗೆ ಗ್ರೀಕ್ ಗುಡಿಯ ಕಂಬಗಳು. ಮಧ್ಯಯುಗದ ಸ್ವತಂತ್ರ ಪಟ್ಟಣಗಳ ನೆನಪಿಗೆ ನಗರಸಭೆಗೆ ಗಾಥಿಕ್ ಗೋಪುರ. ವಿಶ್ವವಿದ್ಯಾಲಯಕ್ಕೆ ಯುರೋಪಿನ ನವೋದಯ (ರಿನೈಸಾನ್ಸ್) ಕಾಲದ ಶೈಲಿ. ಎಲ್ಲವೂ ಹತ್ತೊಂಬತ್ತನೇ ಶತಮಾನದವೇ, ವೇಷ ಮಾತ್ರ ಬೇರೆ ಬೇರೆ ಕಾಲದ್ದು.

ಕಾಲು ಸೋತರೆ ಟ್ರ್ಯಾಮ್ ಹತ್ತಿ. 1, 2, ಡಿ ಮತ್ತು 71ನೇ ನಂಬರಿನವು ರಿಂಗ್ ಮೇಲೆ ಓಡುತ್ತವೆ. ಯಾವುದೂ ಪೂರ್ತಿ ಸುತ್ತು ಹಾಕುವುದಿಲ್ಲ, 1 ಮತ್ತು 2ನ್ನು ಬದಲಾಯಿಸಿಕೊಂಡರೆ ಸುತ್ತು ಮುಗಿಯುತ್ತದೆ. 71ನೆಯದು ಊರಾಚೆಯ ದೊಡ್ಡ ಸ್ಮಶಾನಕ್ಕೆ ಹೋಗುತ್ತದೆ. ಯಾರಾದರೂ ಸತ್ತರೆ ಇಲ್ಲಿಯವರು "ಅವನು 71 ಹತ್ತಿದ" ಅನ್ನುತ್ತಾರಂತೆ. ಈ ಊರಿನವರ ತಮಾಷೆಯೇ ಹೀಗೆ.

ನಡೆಯುವಾಗ ಒಂದು ಎಚ್ಚರ. ರಿಂಗಿನ ಅಗಲವಾದ ಕಾಲುದಾರಿಯಲ್ಲಿ ಒಂದು ಪಟ್ಟಿ ಸೈಕಲ್ಲಿನವರದ್ದು. ನಾನು ತಲೆ ಎತ್ತಿ ಗೋಪುರ ನೋಡುತ್ತಾ ಅದರ ಮೇಲೆ ನಿಂತಿದ್ದೆ. ಬೆಲ್ ಹೊಡೆದುಕೊಂಡು ಬಂದ ಅಜ್ಜಿಯೊಬ್ಬರು ಬೈದದ್ದು ಜರ್ಮನ್‌ನಲ್ಲಾದರೂ ಚೆನ್ನಾಗಿಯೇ ಅರ್ಥವಾಯಿತು. ರಸ್ತೆ ದಾಟುವಾಗ ಕೆಂಪು ದೀಪ ಇದ್ದರೆ, ಒಂದೂ ವಾಹನ ಇಲ್ಲದಿದ್ದರೂ ಕಾಯಿರಿ. ಊರಿನವರು ಕಾಯುತ್ತಾರೆ.

ಅರಮನೆಯ ದಿನಗಳು

ಷೋನ್‌ಬ್ರುನ್‌ಗೆ ಒಂದು ಇಡೀ ದಿನ ಕೊಡಿ. ಇದು ಹ್ಯಾಬ್ಸ್‌ಬರ್ಗ್‌ಗಳ ಬೇಸಿಗೆ ಅರಮನೆ, 1,441 ಕೋಣೆಗಳಿವೆ. ಹೆದರಬೇಡಿ, ನಮಗೆ ತೋರಿಸುವುದು ಹೆಚ್ಚೆಂದರೆ ನಲವತ್ತು. ಯು4 ಮೆಟ್ರೋದಲ್ಲಿ ಷೋನ್‌ಬ್ರುನ್ ನಿಲ್ದಾಣಕ್ಕೇ ಇಳಿಯಬಹುದು. ಟಿಕೆಟ್ಟಿನಲ್ಲಿ ಒಳಗೆ ಹೋಗುವ ಸಮಯ ನಮೂದಾಗಿರುತ್ತದೆ. ಕೆಲವು ದಿನ ಮುಂಚೆಯೇ ಆನ್‌ಲೈನ್‌ನಲ್ಲಿ ಬೆಳಗಿನ ಮೊದಲ ಸಮಯ ಹಿಡಿದುಕೊಳ್ಳಿ. ಹತ್ತು ಗಂಟೆ ದಾಟಿತೆಂದರೆ ಗುಂಪುಗಳು ಬಂದು, ಕೋಣೆಗಿಂತ ಮುಂದಿನವರ ಬೆನ್ನೇ ಜಾಸ್ತಿ ಕಾಣುತ್ತದೆ.

ಒಳಗೆ ಎಲ್ಲವನ್ನೂ ನೋಡಲು ಹೋಗಬೇಡಿ, ಮೂರು ಕೋಣೆಗಳಲ್ಲಿ ನಿಲ್ಲಿ. ಒಂದು, ಫ್ರಾನ್ಸ್ ಯೋಸೆಫ್ ಮಲಗುತ್ತಿದ್ದ ಕೋಣೆ. ಅವನು ಹುಟ್ಟಿದ್ದು ಇದೇ ಅರಮನೆಯಲ್ಲಿ 1830ರಲ್ಲಿ, ಸತ್ತದ್ದೂ ಇಲ್ಲೇ 1916ರಲ್ಲಿ. ಅಷ್ಟೆಲ್ಲ ಬಂಗಾರದ ನಡುವೆ ಅವನದ್ದು ಸಾದಾ ಕಬ್ಬಿಣದ ಮಂಚ. ಎರಡು, ಕನ್ನಡಿ ಕೋಣೆ. 1762ರಲ್ಲಿ ಆರು ವರ್ಷದ ಮೊಜಾರ್ಟ್ ರಾಣಿ ಮರಿಯಾ ತೆರೇಸಾಳ ಮುಂದೆ ನುಡಿಸಿದ್ದು ಇಲ್ಲೇ ಎನ್ನುತ್ತಾರೆ. ಮೂರು, ನೀಲಿ ಚೀನೀ ಕೋಣೆ. 1918ರ ನವೆಂಬರ್ 11ರಂದು ಕೊನೆಯ ಚಕ್ರವರ್ತಿ ಕಾರ್ಲ್ ಆಡಳಿತದಿಂದ ಹಿಂದೆ ಸರಿಯುವ ಪತ್ರಕ್ಕೆ ಸಹಿ ಹಾಕಿದ್ದು ಈ ಕೋಣೆಯಲ್ಲಿ. ಗೋಡೆಯ ಹೂಬಳ್ಳಿ ನೋಡಿಕೊಂಡು ಎಲ್ಲರೂ ಮುಂದೆ ಹೋಗುತ್ತಾರೆ, ಒಂದು ಸಾಮ್ರಾಜ್ಯ ಮುಗಿದ ಜಾಗ ಅಂತ ಯಾರಿಗೂ ಅನ್ನಿಸುವುದೇ ಇಲ್ಲ.

ಆಮೇಲೆ ಹಿಂದಿನ ತೋಟಕ್ಕೆ ಬನ್ನಿ. ದೊಡ್ಡ ತೋಟಕ್ಕೆ ಟಿಕೆಟ್ ಇಲ್ಲ. ಗುಡ್ಡದ ಮೇಲೆ 1775ರ ಗ್ಲೋರಿಯೆಟ್ ಮಂಟಪವಿದೆ. ಅದರ ಕೆಳಗಿನ ಹುಲ್ಲಿನ ಇಳಿಜಾರಿನಿಂದ ಅರಮನೆ, ಅದರಾಚೆ ಇಡೀ ಊರು ಕಾಣುತ್ತದೆ. ನನ್ನ ಕೇಳಿದರೆ ಅರಮನೆಯ ಒಳಗಿಗಿಂತ ಈ ನೋಟವೇ ಮೇಲು. ಮಕ್ಕಳಿದ್ದರೆ ಪಕ್ಕದಲ್ಲೇ ಮೃಗಾಲಯವಿದೆ, 1752ರಲ್ಲಿ ಶುರುವಾದದ್ದು. ಇಂದಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಜಗತ್ತಿನಲ್ಲೇ ಹಳೆಯದು.

ಹಾಫ್‌ಬುರ್ಗ್ ಊರ ನಡುವಿನ ಅರಮನೆ, ಚಳಿಗಾಲದ್ದು. ಇಲ್ಲಿ ಗೊಂದಲ ಆಗೋದು ಟಿಕೆಟ್ಟಿನಲ್ಲಿ. ಹಾಫ್‌ಬುರ್ಗ್ ಅಂದರೆ ಒಂದು ಕಟ್ಟಡವಲ್ಲ, ಒಂದು ಪೇಟೆಯಷ್ಟು ಕಟ್ಟಡಗಳು. ರಾಜರ ಕೋಣೆಗಳು ಮತ್ತು ಫ್ರಾನ್ಸ್ ಯೋಸೆಫ್‌ನ ಹೆಂಡತಿ ಸಿಸಿಯ ಮ್ಯೂಸಿಯಂಗೆ ಒಂದು ಟಿಕೆಟ್, ಖಜಾನೆಗೆ ಬೇರೆ, ಹಳೆಯ ಗ್ರಂಥಾಲಯಕ್ಕೆ ಬೇರೆ, ಬಿಳಿ ಕುದುರೆಗಳ ಸವಾರಿ ಶಾಲೆಗೆ ಬೇರೆ. ಎಲ್ಲಾ ಕೊಂಡರೆ ಜೇಬೂ ಖಾಲಿ, ಕಾಲೂ ಖಾಲಿ. ಒಂದನ್ನೇ ಆರಿಸಿ ಅಂದರೆ ನಾನು ಖಜಾನೆ ಅನ್ನುತ್ತೇನೆ. ಸಾವಿರ ವರ್ಷ ಹಳೆಯ ಎಂಟು ಮುಖದ ಕಿರೀಟ ಅಲ್ಲಿದೆ. ಅದರ ಜತೆಗೆ ಮನೆತನ ಯಾರಿಗೂ ಕೊಡಬಾರದೆಂದು ಕಟ್ಟು ಮಾಡಿದ "ಒಂಟಿಕೊಂಬಿನ ಕುದುರೆಯ ಕೊಂಬು" ಕೂಡ ಇದೆ. ಅದು ಕಡಲ ಪ್ರಾಣಿ ನಾರ್ವಾಲ್‌ನ ಉದ್ದನೆಯ ಹಲ್ಲು ಅಂತ ಆಮೇಲೆ ತಿಳಿಯಿತು. ಖಜಾನೆಗೆ ಮಂಗಳವಾರ ರಜೆ. ಎರಡನೆಯದು ಬೇಕೆಂದರೆ ಗ್ರಂಥಾಲಯದ ಸಭಾಂಗಣ. ಸುಮಾರು ಎರಡು ಲಕ್ಷ ಹಳೆಯ ಪುಸ್ತಕಗಳು, ಮೇಲೆ ಚಿತ್ರ ಬರೆದ ಗುಮ್ಮಟ. ಒಂದೇ ಹಜಾರ, ಅರ್ಧ ಗಂಟೆಯ ಕೆಲಸ.

ಹಾಫ್‌ಬುರ್ಗ್‌ನಿಂದ ಸ್ವಲ್ಪ ದೂರದಲ್ಲಿ ಕಪುಚಿನ್ ಸಂನ್ಯಾಸಿಗಳ ಸಣ್ಣ ಚರ್ಚಿದೆ. ಹೊರಗಿನಿಂದ ಏನೂ ಅನ್ನಿಸುವುದಿಲ್ಲ. ಅದರ ನೆಲಮಾಳಿಗೆಯಲ್ಲಿ ಹ್ಯಾಬ್ಸ್‌ಬರ್ಗ್ ಮನೆತನದ ಸುಮಾರು 150 ಜನರ ಶವಪೆಟ್ಟಿಗೆಗಳಿವೆ. ಮರಿಯಾ ತೆರೇಸಾ ಮತ್ತು ಅವಳ ಗಂಡನದ್ದು ಒಂದು ಸಣ್ಣ ಮನೆಯಷ್ಟು ದೊಡ್ಡದು, ಮೈತುಂಬ ಶಿಲ್ಪ. ಅದರ ಕಾಲ ಬುಡದಲ್ಲೇ ಮಗ ಎರಡನೇ ಯೋಸೆಫ್‌ನ ಪೆಟ್ಟಿಗೆ, ಬರೀ ತಾಮ್ರದ್ದು, ಒಂದು ಹೂವಿನ ಕೆತ್ತನೆಯೂ ಇಲ್ಲ. ಇದನ್ನು ಅರಮನೆ ಅಂತ ಲೆಕ್ಕ ಹಿಡಿಯಬೇಡಿ, ನಿಯಮ ಮುರಿದ ಹಾಗಾಗುವುದಿಲ್ಲ.

ಮೂರನೆಯದು ಬೆಲ್ವೆಡೇರ್. ಮೇಲಿನ ಅರಮನೆಗೆ ಹೋಗಿ, ಚಿತ್ರಕಾರ ಕ್ಲಿಮ್ಟ್‌ನ "ಮುತ್ತು" (ದಿ ಕಿಸ್) ಇರುವುದು ಅಲ್ಲಿ. 1908ರ ಹೊತ್ತಿನ ಚಿತ್ರ, ನಿಜವಾದ ಬಂಗಾರದ ಹಾಳೆ ಬಳಸಿದ್ದು. ಸುತ್ತ ಫೋನುಗಳ ಕಾಡು ಇರುತ್ತದೆ. ಹತ್ತು ನಿಮಿಷ ಪಕ್ಕದಲ್ಲಿ ನಿಂತು ಕಾದರೆ ಗುಂಪು ಕರಗುತ್ತದೆ.

ಒಪೆರಾಕ್ಕೆ ನಿಂತುಕೊಂಡು

ಸಂಗೀತ ಬರುತ್ತದೋ ಇಲ್ಲವೋ, ಒಂದು ಸಂಜೆ ಒಪೆರಾಕ್ಕೆ ಇಡಿ. ಒಳ್ಳೆಯ ಆಸನಕ್ಕೆ ನೂರಾರು ಯೂರೋ. ಆದರೆ ನಿಂತು ನೋಡುವ ಟಿಕೆಟ್ ಇದೆ, "ಷ್ಟೇಪ್ಲಾಟ್ಸ್" ಅನ್ನುತ್ತಾರೆ. ಪ್ರದರ್ಶನದ ದಿನವೇ ಮಾರುತ್ತಾರೆ, ಇಪ್ಪತ್ತು ಯೂರೋ ಒಳಗೇ ಸಿಗುತ್ತದೆ. ಕೆಳಗಿನ ಹಜಾರದ ನಿಲ್ಲುವ ಜಾಗ ಸಿಕ್ಕಿದರೆ, ಇನ್ನೂರು ಯೂರೋ ಕೊಟ್ಟವರ ಬೆನ್ನ ಹಿಂದೆಯೇ ನೀವು. ಮುಂದಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೋದರೆ ಆ ಜಾಗ ನಿಮ್ಮದು, ಯಾರೂ ಮುಟ್ಟುವುದಿಲ್ಲ. ಹಾಗಾಗಿ ಸ್ಕಾರ್ಫ್ ಮರೆಯಬೇಡಿ, ಟವೆಲಾದರೂ ಆದೀತು. ಕಂಬಿಯಲ್ಲೇ ಪುಟ್ಟ ಪರದೆ ಇದ್ದು, ಹಾಡಿನ ಮಾತು ಇಂಗ್ಲಿಷಿನಲ್ಲಿ ಓಡುತ್ತದೆ. ಸೂಟು ಬೇಕಿಲ್ಲ, ಚಡ್ಡಿ ಚಪ್ಪಲಿ ಬೇಡ. ಕಾಲು ನೋವು ತಡೆಯದಿದ್ದರೆ ವಿರಾಮದಲ್ಲಿ ಎದ್ದು ಬರಬಹುದು, ಅವಮಾನ ಏನಿಲ್ಲ.

ಈ ಕಟ್ಟಡ 1869ರಲ್ಲಿ ತೆರೆದಾಗ ಅದನ್ನು ಕಟ್ಟಿದ ಇಬ್ಬರೂ ವಾಸ್ತುಶಿಲ್ಪಿಗಳು ಬದುಕಿರಲಿಲ್ಲ. ನೆಲದಲ್ಲಿ ಹೂತ ಪೆಟ್ಟಿಗೆ ಅಂತ ಊರು ಆಡಿಕೊಂಡಿತ್ತು. ಒಬ್ಬ ನೇಣು ಹಾಕಿಕೊಂಡ, ಇನ್ನೊಬ್ಬ ಕೆಲವೇ ವಾರಗಳಲ್ಲಿ ತೀರಿಕೊಂಡ. ಇದರಿಂದ ನೊಂದ ಚಕ್ರವರ್ತಿ ಫ್ರಾನ್ಸ್ ಯೋಸೆಫ್, ಅಂದಿನಿಂದ ಯಾರು ಅಭಿಪ್ರಾಯ ಕೇಳಿದರೂ "ಬಹಳ ಚೆನ್ನಾಗಿತ್ತು, ನನಗೆ ತುಂಬಾ ಸಂತೋಷವಾಯಿತು" ಅಂತಷ್ಟೇ ಹೇಳುತ್ತಿದ್ದನಂತೆ.

ಒಪೆರಾ ಮುಂದೆ ಮೊಜಾರ್ಟ್ ವೇಷ ಹಾಕಿ ಟಿಕೆಟ್ ಮಾರುವವರು ಸಿಗುತ್ತಾರೆ. ಅವರು ಮಾರುವುದು ಬೇರೆ ಸಭಾಂಗಣಗಳಲ್ಲಿ ಪ್ರವಾಸಿಗರಿಗೆಂದೇ ನಡೆಸುವ ಸಂಗೀತ ಕಚೇರಿಗಳ ಟಿಕೆಟ್. ಬೇಕಿದ್ದರೆ ತೆಗೆದುಕೊಳ್ಳಿ, ಅದೇ ಒಪೆರಾ ಅಂದುಕೊಂಡು ಮಾತ್ರ ಬೇಡ.

ಕಾಫಿ, ಊಟ, ನೀರು

ಕಾಫಿ ಮನೆಯಲ್ಲಿ "ಒಂದು ಕಾಫಿ" ಅಂದರೆ ಸಾಲದು. ಮೆಲಾಂಜ್ ಅಂದರೆ ನೊರೆ ಹಾಲು ಹಾಕಿದ್ದು, ನಮ್ಮ ನಾಲಿಗೆಗೆ ಹತ್ತಿರ. ಕ್ಲೈನರ್ ಬ್ರೌನರ್ ಅಂದರೆ ಸಣ್ಣ ಕಪ್ಪಿನ ಗಟ್ಟಿ ಕಾಫಿ, ಪಕ್ಕದಲ್ಲಿ ಚೂರು ಹಾಲು. ಐನ್‌ಶ್ಪೆನರ್ ಅಂದರೆ ಗಾಜಿನ ಲೋಟದಲ್ಲಿ ಕಪ್ಪು ಕಾಫಿ, ಮೇಲೆ ಗುಡ್ಡೆ ಕೆನೆ. ಒಂಟಿ ಕುದುರೆ ಗಾಡಿಯವರು ಕುಡಿಯುತ್ತಿದ್ದದ್ದಂತೆ, ಕೆನೆಯ ಮುಚ್ಚಳದ ಕೆಳಗೆ ಕಾಫಿ ಬೇಗ ಆರುವುದಿಲ್ಲ. ತಟ್ಟೆಯಲ್ಲಿ ಒಂದು ಲೋಟ ನೀರೂ ಬರುತ್ತದೆ. ಒಂದು ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಐದಾರು ಯೂರೋ ದುಬಾರಿ ಅನ್ನಿಸಿದರೆ, ನೀವು ಕೊಟ್ಟದ್ದು ಕುರ್ಚಿಯ ಬಾಡಿಗೆ ಅಂದುಕೊಳ್ಳಿ. ಸಪ್ಲೈಯರ್ ಮುಖ ಗಂಟು ಹಾಕಿಕೊಂಡೇ ಇರುತ್ತಾರೆ, ಅದು ಇಲ್ಲಿನ ಸಂಪ್ರದಾಯ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೆಸರುವಾಸಿಯಾದ ಕಫೆ ಸೆಂಟ್ರಾಲ್ ಮುಂದೆ ಸಾಲು ರಸ್ತೆಗೆ ಬಂದಿರುತ್ತದೆ. ಎರಡು ಬೀದಿ ಆಚೆ ಹೋದರೆ ಅಷ್ಟೇ ಹಳೆಯ ಗಾಳಿ ಇರುವ ಕಾಫಿ ಮನೆ ಖಾಲಿ ಇರುತ್ತದೆ.

ಬಿಲ್ ಕೊಡುವಾಗ "ತ್ಸಾಲೆನ್ ಬಿಟ್ಟೆ" ಅನ್ನಿ. ಟಿಪ್ಸ್ ಮೇಜಿನ ಮೇಲೆ ಬಿಟ್ಟು ಬರುವುದಲ್ಲ. ಬಿಲ್ 9.20 ಆದರೆ ದುಡ್ಡು ಕೊಡುತ್ತಾ "ಹತ್ತು" ಅಂತ ಹೇಳಿಬಿಡಿ. ನೂರಕ್ಕೆ ಐದರಿಂದ ಹತ್ತು ಸಾಕು.

ಮಾಂಸ ತಿನ್ನದವರಿಗೆ ಈ ಊರು ಕಷ್ಟವೂ ಅಲ್ಲ, ಸುಲಭವೂ ಅಲ್ಲ. ತರಕಾರಿ ಸೂಪ್ ಅಂತ ಬರೆದಿದ್ದರೂ ಅದರ ತಿಳಿಸಾರು ದನದ ಮಾಂಸದ್ದಾಗಿರಬಹುದು, ಕೇಳಿಯೇ ತೆಗೆದುಕೊಳ್ಳಿ. "ಓನೆ ಫ್ಲೈಶ್" ಅಂದರೆ ಮಾಂಸವಿಲ್ಲದೆ. ಕೆಸೆಶ್ಪೆಟ್ಸ್ಲೆ ಅನ್ನುವ ಚೀಸ್ ಹಾಕಿದ ಹಿಟ್ಟಿನ ತಿನಿಸು, ಕೈಸರ್‌ಶ್ಮಾರ್ನ್ ಅನ್ನುವ ಹರಿದು ಹಾಕಿದ ಸಿಹಿ ದೋಸೆಯಂಥದ್ದು ಎರಡೂ ಹೊಟ್ಟೆ ತುಂಬಿಸುತ್ತವೆ. ಆದರೆ ಎರಡರಲ್ಲೂ ಮೊಟ್ಟೆ ಇದೆ. ಸಾಖರ್‌ಟೋರ್ಟೆ ಕೇಕ್‌ನಲ್ಲೂ ಇದೆ. ಆ ಕೇಕ್ ಬಗ್ಗೆ ನನ್ನದೊಂದು ತಕರಾರು, ಸ್ವಲ್ಪ ಒಣಕಲು. ಪಕ್ಕದ ಕೆನೆ ಹಚ್ಚಿಕೊಂಡು ತಿಂದರೆ ಪರವಾಗಿಲ್ಲ.

ನೀರಿನ ಬಾಟಲಿ ಮಾತ್ರ ಕೊಳ್ಳಲೇಬೇಡಿ. ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಒರತೆಯ ನೀರು. 1873ರಲ್ಲಿ ಮೊದಲ ಕಾಲುವೆ ಹಾಕಿಸಿ ಬೆಟ್ಟದಿಂದ ಊರಿಗೆ ತಂದರು, 1910ರಲ್ಲಿ ಎರಡನೆಯದು ಬಂತು. ಖಾಲಿ ಬಾಟಲಿ ಇಟ್ಟುಕೊಳ್ಳಿ, ಬೀದಿ ಬೀದಿಯಲ್ಲೂ ತುಂಬಿಸಿಕೊಳ್ಳುವ ನಲ್ಲಿಗಳಿವೆ.

ಗಮನದಲ್ಲಿ ಇರಬೇಕಾದ ಒಂದೆರಡು

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದಿನಸಿ ಅಂಗಡಿಯೂ ಸೇರಿ. ಶನಿವಾರ ಸಂಜೆ ಆರಕ್ಕೇ ಬಾಗಿಲು. ಮರೆತಿರಾ? ಹಾಪ್ಟ್‌ಬಾನ್‌ಹೋಫ್‌ನಂಥ ದೊಡ್ಡ ರೈಲು ನಿಲ್ದಾಣದ ಒಳಗಿನ ಅಂಗಡಿ ತೆರೆದಿರುತ್ತದೆ, ಸಾಲು ನಿಲ್ಲಬೇಕು ಅಷ್ಟೇ. ಮ್ಯೂಸಿಯಂ, ಅರಮನೆಗಳನ್ನು ಭಾನುವಾರಕ್ಕೆ ಇಟ್ಟುಕೊಂಡರೆ ದಿನ ಹಾಳಾಗದು.

ಕಾರ್ಡ್ ಹೆಚ್ಚಿನ ಕಡೆ ನಡೆಯುತ್ತದೆ. ಆದರೂ ಕೆಲವು ಹಳೆಯ ಕಾಫಿ ಮನೆಗಳಿಗೆ ನಗದೇ ಇಷ್ಟ. ಎಟಿಎಂ ಬೇಕಾದರೆ ಬ್ಯಾಂಕಿನ ಗೋಡೆಯಲ್ಲಿ ಇರುವುದನ್ನೇ ಬಳಸಿ. ಯಂತ್ರ "ರೂಪಾಯಿಯಲ್ಲಿ ಲೆಕ್ಕ ಹಾಕಲಾ?" ಅಂತ ಕೇಳಿದರೆ ಬೇಡ ಅನ್ನಿ, ಯೂರೋದಲ್ಲೇ ಹಾಕಲಿ. ರೂಪಾಯಿ ಆರಿಸಿದರೆ ಅವರ ದರ, ನಮ್ಮ ನಷ್ಟ. ತುರ್ತಿಗೆ 112. ಆಂಬುಲೆನ್ಸ್‌ಗೆ ನೇರವಾಗಿ 144, ಪೊಲೀಸರಿಗೆ 133.

ಹೊರಡುವ ದಿನ

ಒಂದೇ ಬಿಲ್ಲಿನಲ್ಲಿ 75 ಯೂರೋ ದಾಟಿದ ಖರೀದಿಗೆ ತೆರಿಗೆಯ ಒಂದು ಭಾಗ ವಾಪಸ್ ಸಿಗುತ್ತದೆ. ಅಂಗಡಿಯಲ್ಲೇ ಫಾರ್ಮ್ ಕೇಳಿ ಪಡೆಯಬೇಕು, ಆಗ ಪಾಸ್‌ಪೋರ್ಟ್ ಬೇಕಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಮೊದಲು ಕಸ್ಟಮ್ಸ್‌ನವರ ಬಳಿ ಹೋಗಿ ಫಾರ್ಮ್ ಮಂಜೂರು ಮಾಡಿಸಿ, ಆಮೇಲೆ ಸೂಟ್‌ಕೇಸ್ ಕೊಡಿ. ಅವರು ಸಾಮಾನು ತೋರಿಸಿ ಅನ್ನಬಹುದು. ನಾನು ಉಲ್ಟಾ ಮಾಡಿದೆ. ಸೂಟ್‌ಕೇಸ್ ಬೆಲ್ಟಿನ ಮೇಲೆ ಮರೆಯಾದ ಮೇಲೆ ಫಾರ್ಮ್ ಹಿಡಿದುಕೊಂಡು ನಿಂತೆ. ಕೌಂಟರಿನ ಹೆಂಗಸು ಫಾರ್ಮ್ ನೋಡಿದರು, ನನ್ನ ಖಾಲಿ ಕೈ ನೋಡಿದರು, ತಲೆ ಅಲ್ಲಾಡಿಸಿದರು. ಆ ಫಾರ್ಮ್ ಇನ್ನೂ ನನ್ನ ಪಾಸ್‌ಪೋರ್ಟಿನ ಒಳಗೇ ಇದೆ.